ಗೇಟಿನಲ್ಲಿ ನುಂಗಿದ ಕೆಮ್ಮು

"ಡಾಕ್ಟರ ಮುಂದೆ ಮದುಮಗನ ಹಾಗೆ ಸೆಟೆದು ನಿಂತ್ಕೋಬೇಡಿ, ಗೊತ್ತಾಯ್ತಾ? ಇರೋ ರೋಗಾನ ಇದೆ ಅಂತ ತೋರಿಸಿ, ಸಾಕು," ಎಂದು ಅಮ್ಮ ಬಾಗಿಲಲ್ಲೇ ನಿಂತು ಹೇಳಿದಳು.

"ಆಯ್ತು ಮಾರಾಯ್ತಿ," ಎಂದು ಅಪ್ಪ ಶರಟಿನ ಕತ್ತಿನ ಗುಂಡಿ ಹಾಕಿಕೊಂಡ. ಅಷ್ಟಕ್ಕೇ ಏದುಸಿರು ಬಂತು.

ಅಪ್ಪ ದುಡಿದದ್ದೆಲ್ಲ ಗಡಿಯಾಚೆಯ ಕಲ್ಲು ಪಾಲಿಶ್ ಕಾರ್ಖಾನೆಯಲ್ಲಿ. ಸಂಸಾರ ಮಾತ್ರ ಈಚೆ. ಕಲ್ಲಿನ ಪುಡಿ ಎದೆಯಲ್ಲಿ ಮನೆ ಮಾಡಿದ ಮೇಲೆ ಆಚೆಯ ಕಚೇರಿಯಿಂದ ಅನಾರೋಗ್ಯ ಭತ್ಯೆ ಬರುತ್ತಿತ್ತು. ಇಲ್ಲಿಯವರೆಗೆ ಈಚೆಯ ಆಸ್ಪತ್ರೆಯ ಚೀಟಿ ಕಳಿಸಿದರೆ ನಡೆಯುತ್ತಿತ್ತು. ಈ ಸಲ ಖುದ್ದಾಗಿ ಬಂದು ತಮ್ಮ ಡಾಕ್ಟರಿಗೇ ತೋರಿಸಬೇಕೆಂದು ಕರೆ ಬಂದಿತ್ತು. ಕೆಲಸ ಮಾಡಬಲ್ಲ ಎಂದು ಅವರು ಬರೆದರೆ ಭತ್ಯೆಗೆ ಕಲ್ಲು ಬಿದ್ದಂತೆಯೇ. ಈಚೆಯವರನ್ನು ಕೇಳಿದರೆ, ದುಡಿದ ಕಡೆಯೇ ಕೇಳಿಕೊಳ್ಳಿ ಎಂದು ಕೈ ತೊಳೆದುಕೊಳ್ಳುತ್ತಿದ್ದರು.

ಅಮ್ಮನಿಗೆ ಮಂಡಿ ನೋವು. ಹಾಗಾಗಿ ಜೊತೆಗೆ ಹೊರಟವಳು ಮಗಳು. ಮನೆಯಲ್ಲಿ ಅವಳನ್ನು ಮೌನಗೌರಿ ಎಂದೇ ಕರೆಯುತ್ತಿದ್ದರು. ಹೊರಗಿನವರು ಮಾತಾಡಿಸಿದರೆ ನಾಲಿಗೆ ಅಂಗುಳಿಗೆ ಅಂಟಿಕೊಳ್ಳುತ್ತಿತ್ತು. ಕಣ್ಣು ಮಾತ್ರ ಯಾವುದನ್ನೂ ಬಿಡುತ್ತಿರಲಿಲ್ಲ.

ಗಡಿಯ ಗೇಟು ಕಾಣಿಸಿದ್ದೇ ತಡ, ಅಪ್ಪ ಬೇರೆಯೇ ಮನುಷ್ಯನಾದ. ಮರದ ಮರೆಗೆ ಹೋಗಿ ಕೆಮ್ಮುವಷ್ಟನ್ನೂ ಕೆಮ್ಮಿ ಮುಗಿಸಿದ. ಕೆನ್ನೆ ಉಜ್ಜಿ ಕೆಂಪು ಮಾಡಿಕೊಂಡ. ಬೆನ್ನು ನೆಟ್ಟಗಾಯಿತು. ಆಚೆ ದುಡಿಯುವವರೆಲ್ಲ ಕಲಿತ ಪಾಠ ಅದು. ಬೆಳಗಿನ ಸಾಲಿನಲ್ಲಿ ಕೆಮ್ಮಿದವನನ್ನು ಕಾವಲಿನವರು ವಾಪಸು ಅಟ್ಟುತ್ತಿದ್ದರು. ಸಂಜೆಯೊಳಗೆ ಅವನ ಜಾಗದಲ್ಲಿ ಇನ್ನೊಬ್ಬನಿರುತ್ತಿದ್ದ.

"ಏನಜ್ಜ, ಹುಷಾರಾ?" ಎಂದ ಕಾವಲಿನವನು.

"ಗುಂಡುಕಲ್ಲಿನ ಹಾಗಿದ್ದೀನಿ ಸ್ವಾಮಿ."

"ಅಪ್ಪ, ಇವತ್ತೂ ಯಾಕೆ?" ಮಗಳು ಪಿಸುಗುಟ್ಟಿದಳು.

"ಶ್! ಕೇಳಿಸುತ್ತೆ."

ಕಚೇರಿಯ ಬಾಗಿಲಲ್ಲಿದ್ದ ಜವಾನನ ಬಟ್ಟೆಯೂ ಗೇಟಿನವನದೇ ಬಣ್ಣದ್ದು. ಅದನ್ನು ನೋಡಿ ಅಪ್ಪ ಇನ್ನಷ್ಟು ನೆಟ್ಟಗಾದದ್ದು ಅವಳಿಗೆ ಕಂಡಿತು. ಒಳಗೆ ತೂಕದ ಯಂತ್ರ, ಬಿಳಿ ಹಾಸಿನ ಎತ್ತರದ ಮಂಚ, ಕನ್ನಡಕ ಒರೆಸುತ್ತ ಕುಳಿತ ಡಾಕ್ಟರಮ್ಮ.

"ಹೇಗಿದ್ದೀರಿ?"

"ಚೆನ್ನಾಗಿದ್ದೀನಮ್ಮ."

"ನಿದ್ದೆ ಬರುತ್ತಾ?"

"ತಲೆ ದಿಂಬಿಗೆ ತಾಗಿದ್ದೊಂದೇ ಗೊತ್ತು."

ಡಾಕ್ಟರಮ್ಮ ಎದೆಗೆ ಕೊಳವೆ ಇಟ್ಟು ಕೇಳಿದರು. "ಎದೆ ಅಷ್ಟು ಸರಿಯಿಲ್ಲ. ಆದ್ರೆ ಕೂತು ಮಾಡೋ ಕೆಲಸ ಆಗಬಹುದಲ್ವಾ?"

"ಆಗದೇ ಏನು ತಾಯಿ? ಯಾವುದಾದ್ರೂ ಸೈ."

ಡಾಕ್ಟರಮ್ಮ ಪೆನ್ನು ಎತ್ತಿಕೊಂಡರು. ಅಪ್ಪನ ಕತ್ತಿನ ನರ ಗುಂಡಿಯ ಮೇಲೆ ಉಬ್ಬಿ ನಿಂತಿತ್ತು. ಅವನು ಕೆಮ್ಮನ್ನು ನುಂಗುತ್ತಿದ್ದ.

"ಅಪ್ಪ, ಗೇಟು ದಾಟಾಯ್ತು," ಎಂದಳು. ತನ್ನ ದನಿ ತನಗೇ ಅಪರಿಚಿತವೆನಿಸಿತು. "ಇಲ್ಲಿ ಕೆಮ್ಮಬಹುದು."

"ಸುಮ್ನಿರೇ!"

"ಸುಮ್ನಿರಲ್ಲ." ಅವಳು ಡಾಕ್ಟರಮ್ಮನ ಕಡೆ ತಿರುಗಿದಳು. "ಗೇಟಲ್ಲಿ ಕೆಮ್ಮಿದ್ರೆ ಕೆಲಸ ಹೋಗ್ತಿತ್ತು ಮೇಡಂ. ಅದಕ್ಕೆ ಕೆಮ್ಮು ನುಂಗೋದೇ ರೂಢಿಯಾಗಿದೆ. ರಾತ್ರಿಯೆಲ್ಲ ಗೋಡೆಗೆ ಒರಗಿ ಕೂತೇ ಇರ್ತಾರೆ. ಬೇಕಾದ್ರೆ ಒಂದ್ಸಲ ಮಲಗಿಸಿ ನೋಡಿ."

ಡಾಕ್ಟರಮ್ಮ ಮಂಚ ತೋರಿಸಿದರು. ಅಪ್ಪ ಮಗಳನ್ನು ದುರುಗುಟ್ಟಿ ನೋಡಿ ಮಲಗಿದ. ಸ್ವಲ್ಪ ಹೊತ್ತು ಹಲ್ಲು ಕಚ್ಚಿಕೊಂಡಿದ್ದ. ಆಮೇಲೆ ತುಟಿ ನೀಲಿಯಾಯಿತು, ಕೈ ಗಾಳಿಯಲ್ಲಿ ಏನನ್ನೋ ಹುಡುಕಿತು, ನುಂಗಿದ ಕೆಮ್ಮೆಲ್ಲ ಒಮ್ಮೆಲೇ ಒಡೆದು ಬಂತು. ಡಾಕ್ಟರಮ್ಮನೇ ಅವನನ್ನು ಎಬ್ಬಿಸಿ ಕೂರಿಸಿ, ಕತ್ತಿನ ಗುಂಡಿ ಬಿಚ್ಚಿದರು.

ಉಸಿರು ಹದಕ್ಕೆ ಬಂದ ಮೇಲೆ ಮತ್ತೆ ಪೆನ್ನು ಎತ್ತಿಕೊಂಡರು.

"ಇವರು ದುಡಿಯೋ ಹಾಗಿಲ್ಲ," ಎಂದರು ಡಾಕ್ಟರಮ್ಮ, ಬರೆಯುತ್ತ. "ಭತ್ಯೆ ಮುಂದುವರಿಯುತ್ತೆ."

ದಾರಿಯಲ್ಲಿ ಅಪ್ಪ ಮಗಳ ಹೆಗಲಿಗೆ ಕೈ ಊರಿ ನಡೆದ. "ಮೌನಗೌರಿಯಂತೆ! ಹಾಳಾದ ಬಾಯಿ ಇವತ್ತೇ ತೆರೀಬೇಕಿತ್ತಾ?" ಎಂದು ಗೊಣಗಿದ. ಆದರೆ ಅವಳ ಹೆಗಲ ಮೇಲಿಟ್ಟ ಕೈ ತೆಗೆಯಲಿಲ್ಲ.

ಗೇಟು ಬಂತು. ಅಪ್ಪನ ಕೈ ತಾನಾಗಿ ಕತ್ತಿನ ಗುಂಡಿಗೆ ಹೋಯಿತು. ಮಗಳು ಅದನ್ನೇ ನೋಡಿದಳು. ಕೈ ಕೆಳಗಿಳಿಯಿತು. ಕಾವಲಿನವನ ಎದುರಿಗೇ ಅಪ್ಪ ಬಾಗಿ ಕೆಮ್ಮತೊಡಗಿದ.

"ಬೆಳಗ್ಗೆ ಗುಂಡುಕಲ್ಲು ಅಂದ್ಯಲ್ಲ ಅಜ್ಜ?"

"ಮನೆಗೆ ಹೋಗ್ತಿದ್ದೀನಿ ಸ್ವಾಮಿ," ಎಂದ ಅಪ್ಪ, ಕಣ್ಣೀರು ಒರೆಸಿಕೊಳ್ಳುತ್ತ. "ಇನ್ನೆಲ್ಲಿಗೆ ವಾಪಸ್ ಕಳಿಸ್ತೀಯ?"

ಕಾವಲಿನವನು ತಲೆ ತಗ್ಗಿಸಿ ಗೇಟು ತೆರೆದ. ಕೆಮ್ಮು ಮುಗಿಯುವವರೆಗೂ ಅದನ್ನು ಹಿಡಿದುಕೊಂಡೇ ನಿಂತ.