ವಲ್ಲಿಯ ಕೆಳಗಾದ ಸೌದಾ

ಬಿಸಿಲೇರಿದಂತೆ ಸುನಂದಾಬಾಯಿಯ ಕಣ್ಣಿನಿಂದ ಮೊದಲು ಹೋಗುತ್ತಿದ್ದದ್ದು ಹಳದಿ. ಬೇರೆ ಬಣ್ಣಗಳು ಸ್ವಲ್ಪ ಹೊತ್ತು ಮರ್ಯಾದೆಗೆ ನಿಲ್ಲುತ್ತಿದ್ದವು. ಹಳದಿಗೆ ಆ ದಾಕ್ಷಿಣ್ಯವಿರಲಿಲ್ಲ. ಸಾಂಗ್ಲಿಯ ಅರಿಷಿಣ ಪೇಟೆಯಲ್ಲಿ ಅಡತಿ ಅಂಗಡಿ ಇಟ್ಟವರ ಮನೆಯಲ್ಲಿ ಹೋಗಬಾರದ ಬಣ್ಣವೆಂದರೆ ಅದೊಂದೇ.

ಕಾಯಿಲೆಯ ಹೆಸರು ಮಲ್ಟಿಪಲ್ ಸ್ಕ್ಲೆರೋಸಿಸ್. ವೈರಿನ ಮೇಲಿನ ರಬ್ಬರು ಸವೆದಂತೆ ನರಗಳ ಹೊದಿಕೆ ಸವೆದಿದೆ, ಮೈ ಕಾದರೆ ಸುದ್ದಿ ಮುಟ್ಟುವುದಿಲ್ಲ, ತಣ್ಣಗಾದರೆ ಮತ್ತೆ ಮುಟ್ಟುತ್ತದೆ ಎಂದು ಡಾಕ್ಟರು ತಿಳಿಸಿ ಹೇಳಿದ್ದರು. ಚಳಿಗಾಲದಲ್ಲಿ ಆಕೆ ಎಲ್ಲರಂತೆಯೇ ಇರುತ್ತಿದ್ದಳು. ಅರಿಷಿಣದ ಹಂಗಾಮು ಮಾತ್ರ ಬಿಸಿಲನ್ನೇ ಹುಡುಕಿಕೊಂಡು ಬರುತ್ತದೆ. ಶಿವರಾತ್ರಿ ದಾಟಿದರೆ ಕಾಲುಗಳು ಬೇರೆ ಯಾರವೋ ಆಗುತ್ತಿದ್ದವು. ಜಗತ್ತಿಗೆ ಯಾರೋ ಹಾಲು ಬೆರೆಸುತ್ತಿದ್ದರು. ಕೃಷ್ಣೆಯ ಸೇತುವೆ, ಸಾಂಗ್ಲಿವಾಡಿಯಿಂದ ಬರುವ ಸೈಕಲ್ಲುಗಳು, ಗಂಡನ ಮೀಸೆ ಎಲ್ಲ ಬಿಳಿಯ ಮಬ್ಬಿನಲ್ಲಿ ತೇಲುತ್ತ ಬಂದು ತೇಲುತ್ತ ಹೋಗುತ್ತಿದ್ದವು. ನೋಡಲು ಚೆಂದವೇ ಎಂದು ಆಕೆ ಒಪ್ಪುತ್ತಿದ್ದಳು. ವ್ಯಾಪಾರಕ್ಕೆ ಉಪಯೋಗವಿರಲಿಲ್ಲ.

ಯಾಕೆಂದರೆ ಅಂಗಡಿಯ ಕಣ್ಣು ಆಕೆಯದೇ. ಅರಿಷಿಣದ ಕೊಂಬು ಮುರಿದು, ಒಳಗಿನ ಬಣ್ಣ ನೋಡಿ, ಮಾಲು ಹೊಸದೋ ಹಳೆಯದೋ ಎಂದು ಮೆಲ್ಲಗೆ ಹೇಳುತ್ತಿದ್ದಳು. ಗಂಡ ಅಪ್ಪಣ್ಣ ಅದನ್ನೇ ಮೀಸೆ ತಿರುವಿ ತನ್ನ ಮಾತಾಗಿ ಪೇಟೆಗೆ ಸಾರುತ್ತಿದ್ದ. ಹೋದ ಹಂಗಾಮಿನಲ್ಲಿ ಒಂದು ಮಧ್ಯಾಹ್ನ ಹಳೆಯ ಮಾಲಿಗೆ ಹೊಸದೆಂದುಬಿಟ್ಟಳು. ಅಪ್ಪಣ್ಣ ಬೈಯಲಿಲ್ಲ. ಮರುದಿನ ಆಕೆಯ ಕುರ್ಚಿ ಅಂಗಡಿಯಿಂದ ಮನೆಯ ಪಡಸಾಲೆಗೆ ಬಂದಿತ್ತು.

"ಇಲ್ಲೇ ಆರಾಮ ಕುಂದ್ರು," ಎಂದ.

ಆ ಆರಾಮು ಆಕೆಯನ್ನು ವರ್ಷವಿಡೀ ಚುಚ್ಚಿತು. ಕುರ್ಚಿ ಈ ಹಂಗಾಮಿಗೆ ಅಂಗಡಿಗೆ ವಾಪಸು ಹೋಗಬೇಕು. ಆಕೆಗೆ ಬೇಕಾದದ್ದು ಇಷ್ಟೇ.

ಮಿರಜಿನ ಒಂದು ಟ್ರಸ್ಟು ಈ ಕಾಯಿಲೆಯವರಿಗೆ ತಂಪಿನ ಜಾಕೀಟು ಕೊಡುತ್ತದೆ ಎಂದು ಡಾಕ್ಟರ ಕಡೆಯಿಂದಲೇ ತಿಳಿಯಿತು. ಒಳಗಿನ ಕಿಸೆಗಳಲ್ಲಿ ಫ್ರಿಜ್ಜಿನಲ್ಲಿಟ್ಟು ಗಡ್ಡೆಗಟ್ಟಿಸಿದ ಚೀಲಗಳನ್ನು ಸೇರಿಸಿ ತೊಟ್ಟರೆ ಮೈ ಕೆಲವು ತಾಸು ಕಾಯುವುದಿಲ್ಲ. ಆಕೆ ಗಂಡನಿಗೆ ಹೇಳದೆ ಅರ್ಜಿ ಹಾಕಿದಳು. ಬಂದು ಒಯ್ಯಿರೆಂದು ಟ್ರಸ್ಟಿನಿಂದ ಫೋನು ಬಂದಾಗ ಅಪ್ಪಣ್ಣ ಕೇಳಿದ ಮೊದಲ ಪ್ರಶ್ನೆ, "ಏನ್ ರೇಟು?"

"ಪುಕ್ಕಟೆ ಅಂತರಿ."

ಪುಕ್ಕಟೆ ಎಂಬುದು ಆ ಮನೆತನದಲ್ಲಿ ಕೊಡುವಾಗ ಮಾತ್ರ ಬಳಸುವ ಶಬ್ದ. ಮಠದ ದಾಸೋಹಕ್ಕೆ ಬೆಲ್ಲ ಅವರದು; ಅಲ್ಲಿನ ಗೋಡೆಯ ಕಲ್ಲಿನಲ್ಲಿ ಅಜ್ಜನ ಹೆಸರಿತ್ತು.

"ನಾವು ಕೊಡೂ ಮಂದಿ. ತಗೊಳ್ಳೂ ಮಂದಿ ಅಲ್ಲ."

"ಹಂಗಾರ ಪೇಟ್ಯಾಗಿಂದ ತಂದು ಕೊಡ್ರಿ."

ಪೇಟೆಯಲ್ಲಿ ಅಂಥದ್ದಿರಲಿಲ್ಲ. ಕೊಲ್ಲಾಪುರದವರೆಗೂ ವಿಚಾರಿಸಿ ಸೋತವನು ಅವನೇ. ಕೊನೆಗೆ ರಿಕ್ಷಾ ಕರೆದ.

ಟ್ರಸ್ಟಿನ ಕೋಣೆ ಮಾಳಿಗೆಯ ಮೇಲಿತ್ತು. ಕೆಳಗಿನ ಅಂಗಡಿಯಲ್ಲಿ ಯಾರೋ ತಂಬೂರಿಗೆ ತಂತಿ ಬಿಗಿಯುತ್ತಿದ್ದರು. ಒಂದೇ ಸ್ವರ ಏರುವ ಮನಸ್ಸು ಮಾಡಿ, ಬೇಡವೆಂದು ಇಳಿದು, ಮತ್ತೆ ಏರುತ್ತಿತ್ತು. ಮೆಟ್ಟಿಲು ಹತ್ತುವಷ್ಟರಲ್ಲಿ ಸುನಂದಾಬಾಯಿಗೆ ಆ ಸ್ವರ ಬಿಟ್ಟರೆ ಬೇರೇನೂ ಉಳಿದಿರಲಿಲ್ಲ. ರೂಪಾಲಿ ಎಂಬ ಹುಡುಗಿ ಜಾಕೀಟು ತೊಡಿಸಿ, ಪಟ್ಟಿ ಬಿಗಿದು, ಕುರ್ಚಿಯಲ್ಲಿ ಕೂರಿಸಿದಳು.

ಬೆನ್ನಿನಲ್ಲಿ ನದಿಯೊಂದು ಹರಿಯತೊಡಗಿತು. ಆಕೆ ಅದರಲ್ಲಿ ಸೊಂಟದವರೆಗೆ ಇಳಿದಳು, ಭುಜದವರೆಗೆ ಇಳಿದಳು. ತಂತಿಯ ಸ್ವರ ಕೊನೆಗೂ ತನ್ನ ಜಾಗ ಹಿಡಿದು ನಿಂತಿತು. ಎದುರಿನ ಗೋಡೆಯಲ್ಲಿ ಯಾರದೋ ಫೋಟೋಕ್ಕೆ ಬೂದಿಬಣ್ಣದ ಮಾಲೆಯಿತ್ತು. ಬಹಳ ಹೊತ್ತು ಬೂದಿಯೇ ಇದ್ದು, ಆಮೇಲೆ ಅದರ ಒಂದು ಹೂವಿನ ನಡುವೆ ಹಳದಿ ಹುಟ್ಟಿ, ಪಕ್ಕದ ಹೂವಿಗೆ ಹೇಳಿ, ಅದು ಮುಂದಿನದಕ್ಕೆ ಹೇಳಿ, ಇಡೀ ಮಾಲೆ ಚೆಂಡುಹೂವಾಯಿತು.

"ಏನ್ ಕೊಡಬೇಕು?" ಎಂದು ಅಪ್ಪಣ್ಣ ಆಗಲೇ ಶುರುಮಾಡಿದ್ದ.

"ಪೈಸಾ ನಕೋ, ಕಾಕಾ." ರೂಪಾಲಿ ಮರಾಠಿಯಲ್ಲಿ ಬೇಡವೆಂದಳು. ಅವಳಿಗೆ ಕನ್ನಡ ತಿಳಿಯುತ್ತಿತ್ತು, ನಾಲಿಗೆಯಲ್ಲಿ ಹೊರಳುತ್ತಿರಲಿಲ್ಲ.

"ದೇಣಿಗಿ ಅಂತ ಬರಕೋ."

"ಜಾಕೀಟು ತಗೊಂಡವರ ದೇಣಿಗಿ ಬೀ ನಕೋ. ನಿಯಮ ಆಹೆ."

"ಬೆಲಿ ಇಲ್ಲದ ಮಾಲು ನಮ್ಮ ಮನೀಗೆ ಬಂದಿಲ್ಲವ್ವಾ." ಅಪ್ಪಣ್ಣ ಹೆಂಡತಿಯ ಕಡೆ ತಿರುಗಿದ. "ಬಿಚ್ಚು. ಹೋಗೂಣು."

ಸುನಂದಾಬಾಯಿ ಬಿಚ್ಚಲಿಲ್ಲ. ಕೈ ಚಾಚಿ ಗಂಡನ ಹೆಗಲ ಮೇಲಿನ ವಲ್ಲಿಯನ್ನು ಎಳೆದುಕೊಂಡಳು. ತನ್ನ ಬಲಗೈಯ ಮೇಲೆ ಹಾಸಿ, ರೂಪಾಲಿಯ ಕೈಯನ್ನು ಅದರೊಳಗೆ ಸೇರಿಸಿದಳು.

ಪೇಟೆಯಲ್ಲಿ ಈಗ ಹರಾಜಿನ ಸವಾಲು ಕೂಗುತ್ತಾರೆ. ಹಿಂದೆ ಕೊಳ್ಳುವವನೂ ಮಾರುವವನೂ ಬಟ್ಟೆಯ ಕೆಳಗೆ ಬೆರಳು ಒತ್ತಿ ಬೆಲೆ ಕಟ್ಟುತ್ತಿದ್ದರು. ಅಲ್ಲಿ ಏನು ಠರಾವಾಯಿತೆಂದು ಮೂರನೆಯವನು ಕೇಳುವ ಹಾಗಿಲ್ಲ; ಕೇಳಿದರೆ ಬಟ್ಟೆ ಎತ್ತಿ ನೋಡಿದಷ್ಟೇ ಹೇಸಿ. ಅಪ್ಪಣ್ಣ ಆ ಕಾಲದ ಕೊನೆಯ ಭಕ್ತ. ವಲ್ಲಿ ಕಂಡದ್ದೇ ಮುಖ ಆ ಕಡೆ ಮಾಡಿದ.

ರೂಪಾಲಿಗೆ ಆ ಬೆರಳಿನ ಭಾಷೆಯೂ ಬರುತ್ತಿರಲಿಲ್ಲ. ಗಾಬರಿಯಿಂದ ಕೈ ಹಿಡಿದುಕೊಂಡಳು, ಅಷ್ಟೇ. ಮಂಜಿನ ಚೀಲ ಎತ್ತಿಟ್ಟ ಕೈ, ತಣ್ಣಗಿತ್ತು. ಬೇಸಿಗೆಯಲ್ಲಿ ಹಿಟ್ಟಿನ ಮುದ್ದೆಯಂತಾಗುವ ಸುನಂದಾಬಾಯಿಯ ಬೆರಳುಗಳಿಗೆ ಆ ಹುಡುಗಿಯ ಒಂದೊಂದು ಬೆರಳೂ ಬೇರೆಬೇರೆಯಾಗಿ ತಿಳಿಯಿತು. ಆಕೆ ಅವಸರ ಮಾಡಲಿಲ್ಲ.

"ಸೌದಾ ಆತು," ಎಂದು ವಲ್ಲಿ ತೆಗೆದಳು.

"ಆತು?" ಎಂದ ಅಪ್ಪಣ್ಣ ಗೋಡೆಗೆ.

"ಹೋಯ್, ಝಾಲಾ," ಎಂದಳು ರೂಪಾಲಿ, ಆದದ್ದೇನೆಂದು ತಿಳಿಯದೆ.

ಮರುದಿನ ಕುರ್ಚಿ ಅಂಗಡಿಗೆ ಹೋಯಿತು. ಪಕ್ಕದ ಅಂಗಡಿಯ ಪಾರಿಸ ಜಾಕೀಟು ನೋಡಿ, "ಏನ್ರಿ ವೈನಿ, ಗಡಿ ಕಾಯಾಕ ಹೊಂಟೀರೇನು?" ಎಂದ.

"ನಿನ್ನ ಮಾಲು ನೋಡಾಕ ಬಂದೇನಿ. ಗುಂಡು ತಾಗಿದ್ರ ಅಂತ ಹಾಕ್ಕೊಂಡೇನಿ."

ಮಧ್ಯಾಹ್ನ ಸಲಗರೆಯ ರೈತ ಧೋಂಡಿಬಾ ಚೀಲ ಇಳಿಸಿದ. ಗಾಳಿಯಲ್ಲಿ ಅರಿಷಿಣದ ಧೂಳು ನಿದ್ದೆಯಲ್ಲಿದ್ದಂತೆ ಸುತ್ತುತ್ತಿತ್ತು; ಆಕೆಗೆ ಅದರ ಒಂದೊಂದು ಕಣವೂ ಕಾಣುತ್ತಿತ್ತು. ಕೊಂಬು ಮುರಿದಳು. ಒಳಗೆ ಬೆಂಕಿಯಂಥ ಕೇಸರಿ ಹಳದಿ. ಎರಡನೆಯ ಚೀಲದ್ದು ಮುರಿದಳು, ತುಸು ಹೊತ್ತು ನೋಡಿದಳು.

"ಇದು ಹೋದ ವರ್ಷದ್ದು," ಎಂದಳು ಮೆಲ್ಲಗೆ.

"ಇದು ಹೋದ ವರ್ಷದ್ದೋ ಧೋಂಡಿಬಾ," ಎಂದು ಅಪ್ಪಣ್ಣ ಮೀಸೆ ತಿರುವಿದ.

ಧೋಂಡಿಬಾ ನಕ್ಕು ಆ ಚೀಲವನ್ನು ಹಿಂದಕ್ಕೆ ಎಳೆದುಕೊಂಡ.

ಬಿಸಿಲು ಇಳಿಯುವ ಮುಂಚೆಯೇ ಜಾಕೀಟಿನ ಚೀಲಗಳು ನೀರಾದವು. ಅಂಗಳದ ಅಂಚಿನಲ್ಲಿ ಹಾಲು ಬೆರೆಯತೊಡಗಿತು. ಮನೆಯ ಫ್ರಿಜ್ಜಿನಲ್ಲಿ ಇನ್ನೊಂದು ಜೊತೆ ಇತ್ತು. ಅಪ್ಪಣ್ಣ ಎದ್ದ; ಯಾರನ್ನಾದರೂ ಕಳಿಸಬಹುದಿತ್ತು, ಕಳಿಸಲಿಲ್ಲ. ಹೊಸ್ತಿಲಲ್ಲಿ ನಿಂತು, "ಎಷ್ಟಕ್ಕ ಆತು ಅಂತ ನಾ ಏನ್ ಕೇಳಾಂಗಿಲ್ಲ," ಎಂದ.

"ಕೇಳಬ್ಯಾಡ್ರಿ."

ಸ್ವಲ್ಪ ಹೊತ್ತಿನ ಮೇಲೆ ಮಬ್ಬಿನೊಳಗಿಂದ ಮೀಸೆಯೊಂದು ತೇಲುತ್ತ ಬಂತು. ಮಂಜು ಕರಗದಿರಲೆಂದು ಚೀಲಗಳನ್ನು ಅದೇ ವಲ್ಲಿಯಲ್ಲಿ ಸುತ್ತಿ, ಎದೆಗೆ ಅವಚಿಕೊಂಡು ತಂದಿದ್ದ.