ಏಣಿಯ ಮೇಲಿಂದ ಕಂಡ ಶಾಲೆ

ಶಾಲೆ ಚೆನ್ನಾಗಿದೆಯೋ ಇಲ್ಲವೋ ಎಂದು ತೀರ್ಪು ಕೊಡಲು ಜಂಫಿರಾಳ ಸುತ್ತಮುತ್ತ ಒಬ್ಬೊಬ್ಬರ ಬಳಿ ಒಂದೊಂದು ಅಳತೆಗೋಲಿತ್ತು. ಗಂಡ ನೆಕುಲಾಯ್ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಕಕ್ಕಸಿನಲ್ಲಿ ಸೋಪು ಇದ್ದರೆ ಅದು ಒಳ್ಳೆಯ ಶಾಲೆ, ಉಳಿದದ್ದೆಲ್ಲ ಬರೀ ಮಾತು ಎನ್ನುವುದು ಅವನ ವಾದ. ಅತ್ತೆ ಪರಸ್ಕೀವಾ ಕಿವಿಯಿಂದ ಅಳೆಯುವವಳು. ಬೀದಿಯಲ್ಲಿ ನಡೆದುಹೋಗುವಾಗ ಶಾಲೆಯ ಕಿಟಕಿಯಿಂದ ಒಂದು ಪಿಸುಮಾತೂ ಕೇಳಬಾರದು, ಹಾಗಿದ್ದರೆ ಅಲ್ಲಿ ವಿದ್ಯೆ ಇದೆ ಎಂದು ಅರ್ಥ. ಜಂಫಿರಾ ಕೆಲಸಕ್ಕೆ ಹೋಗುವ ಪರದೆ ಅಂಗಡಿಯ ಯಜಮಾನಿ ಅಗ್ಲಾಯಾ ಮಾತ್ರ ತನ್ನ ವ್ಯಾಪಾರಕ್ಕೆ ತಕ್ಕ ಹಾಗೆ, "ಪರದೆ ನೋಡೇ ಹುಡುಗಿ, ಪಾಠ ಹೇಗಿದೆ ಅಂತ ತಾನಾಗೇ ಗೊತ್ತಾಗುತ್ತೆ" ಎನ್ನುತ್ತಿದ್ದಳು.

ಜಂಫಿರಾಳ ಬಳಿ ಮಾತ್ರ ಯಾವ ಅಳತೆಯೂ ಇರಲಿಲ್ಲ. ಅವಳು ಏಳನೇ ತರಗತಿಯ ನಡುವೆಯೇ ಶಾಲೆ ಬಿಟ್ಟವಳು. ಇಪ್ಪತ್ತೈದಾದರೂ ಶಾಲೆಯ ಬಾಗಿಲ ಮುಂದೆ ಹಾಯುವಾಗ ಈಗಲೂ ಅವಳ ನಡಿಗೆ ಮೆತ್ತಗಾಗುತ್ತಿತ್ತು. ಬೇಸಿಗೆ ಕಳೆದರೆ ಮಗಳು ಅನೀಸ್ಯಾ ಶಾಲೆಗೆ ಸೇರಬೇಕು. ಅನೀಸ್ಯಾ ಅಮ್ಮನ ಅಚ್ಚು. ಮನೆಯಲ್ಲಿ ಬೆಕ್ಕಿನ ಜೊತೆ ಗಂಟೆಗಟ್ಟಲೆ ಹರಟುತ್ತಿದ್ದವಳು ಹೊರಗಿನವರು ಬಂದರೆ ಅಮ್ಮನ ಲಂಗದ ಹಿಂದೆ ಮಾಯವಾಗುತ್ತಿದ್ದಳು.

ಸಿರೆತ್ ನದಿಯ ಪಕ್ಕದ ಆ ಊರಿನಲ್ಲಿ ಇದ್ದದ್ದು ಒಂದೇ ಸರ್ಕಾರಿ ಪ್ರಾಥಮಿಕ ಶಾಲೆ. ಆದರೆ ಯಾರೂ ಶಾಲೆಯನ್ನು ಆರಿಸುತ್ತಿರಲಿಲ್ಲ, ಟೀಚರನ್ನು ಆರಿಸುತ್ತಿದ್ದರು. ಕೈಗೆ ಬಂದ ಪುಟಾಣಿಗಳನ್ನು ಒಬ್ಬರೇ ಟೀಚರು ಐದು ವರ್ಷ ಬಿಡದೆ ನಡೆಸಿಕೊಂಡು ಹೋಗುತ್ತಾರೆ. ಹೀಗಾಗಿ ಟೀಚರು ಸಿಗುವುದೆಂದರೆ ಸಂಬಂಧ ಕುದುರಿದ ಹಾಗೆ. ಈ ಸಲ ಹೊಸ ಮಕ್ಕಳನ್ನು ತೆಗೆದುಕೊಳ್ಳುವ ಸರದಿ ಇಬ್ಬರದು. ಒಬ್ಬರು ವೋರ್ನಿಕು ಟೀಚರ್. ಅವರ ಮಕ್ಕಳು ಜಿಲ್ಲಾ ಸ್ಪರ್ಧೆಗಳಲ್ಲಿ ಬಹುಮಾನ ಬಾಚಿಕೊಂಡು ಬರುತ್ತಿದ್ದರು. ಊರಿನ ವೈದ್ಯರು, ಪಾದ್ರಿಯ ಹೆಂಡತಿ, ಅಂಚೆ ಕಚೇರಿಯ ಹಿರಿಯರು ಎಲ್ಲರೂ ಅವರನ್ನು ಕಂಡರೆ ನಿಂತು ನಮಸ್ಕಾರ ಹೇಳುತ್ತಿದ್ದರು. ಇನ್ನೊಬ್ಬಳು ಲುಪಾಶ್ಕು. ಹೋದ ವರ್ಷವಷ್ಟೇ ಬಂದು, ನಿವೃತ್ತರಾದವರೊಬ್ಬರ ಕೊನೆಯ ವರ್ಷದ ಮಕ್ಕಳನ್ನು ವಹಿಸಿಕೊಂಡವಳು. ಅವಳ ತರಗತಿಯ ಸದ್ದು ಬ್ರೆಡ್ ಅಂಗಡಿಯವರೆಗೂ ಕೇಳುತ್ತದೆ ಎಂದು ಊರೇ ಆಡಿಕೊಳ್ಳುತ್ತಿತ್ತು.

ವೋರ್ನಿಕು ಕೈಕೆಳಗೆ ಜಾಗ ಬೇಕಾದರೆ ಸುಮ್ಮನೆ ಹೆಸರು ಕೊಟ್ಟರೆ ಸಾಲದು. ಮನೆಗೆ ಹೋಗಿ, ಏನಾದರೂ ಕೈಯಲ್ಲಿ ಹಿಡಿದುಕೊಂಡು, ಬಾಯಿಬಿಟ್ಟು ಕೇಳಬೇಕು.

"ಹೋಗಿ ಕೇಳೇ," ಎಂದಳು ಪರಸ್ಕೀವಾ, ಗೇಟಿನ ಪಕ್ಕದ ಬೆಂಚಿನ ಮೇಲೆ ಕೂತು ಸೂರ್ಯಕಾಂತಿ ಬೀಜದ ಸಿಪ್ಪೆ ಉಗುಳುತ್ತಾ. "ಕಾಫಿಪುಡಿ ಡಬ್ಬ ತಗೊಂಡ್ಹೋಗು, ಚಾಕೊಲೇಟ್ ತಗೊಂಡ್ಹೋಗು. ಬಾಯಿ ಇದೆಯಲ್ಲ ನಿಂಗೆ?"

"ನಾಳೆ ಹೋಗ್ತೀನಿ ಅತ್ತೆ."

"ನಿನ್ನ ನಾಳೆ ಬರೋ ಹೊತ್ತಿಗೆ ಅನೀಸ್ಯಾಳ ಮದುವೆ ಆಗಿರುತ್ತೆ."

ನಾಳೆ ಎನ್ನುವುದು ಎರಡು ವಾರ ಓಡಿತು. ಕೊನೆಗೆ ಪರಸ್ಕೀವಾ ತಾನೇ ಹೊರಟಳು. ತಲೆಗೆ ಹಬ್ಬದ ವಸ್ತ್ರ ಕಟ್ಟಿಕೊಂಡು, ಹಿತ್ತಲಿನ ಕೋಳಿಗಳಲ್ಲಿ ಎಲ್ಲಕ್ಕಿಂತ ಕೊಬ್ಬಿದ್ದನ್ನು ಕಂಕುಳಲ್ಲಿ ಒತ್ತಿಕೊಂಡು ವೋರ್ನಿಕು ಮನೆಗೆ ಹೋದಳು. ಟೀಚರು ಮನೆಯಲ್ಲಿರಲಿಲ್ಲ. ಕೋಳಿಯನ್ನು ಬಾಗಿಲ ಹಿಡಿಗೆ ಕಟ್ಟಿ, ಎದುರುಮನೆಯವರಿಗೆ ತನ್ನ ಹೆಸರು, ಮೊಮ್ಮಗಳ ಹೆಸರು, ಕೋಳಿಯ ವಯಸ್ಸು ಎಲ್ಲ ಹೇಳಿ ವಾಪಸು ಬಂದಳು.

ಅದೇ ವಾರ ಶಾಲೆಯಿಂದ ಅಂಗಡಿಗೆ ಕೆಲಸ ಬಂತು. ಹೊಸ ಮಕ್ಕಳ ಹೆಸರು ಬರೆಸುವ ಮುಂಚೆ ತಂದೆತಾಯಿಯರು ಬಂದು ತರಗತಿ ನೋಡುವ ದಿನಗಳಿರುತ್ತವೆ. ಅಷ್ಟರೊಳಗೆ ಹಳೆಯ ಮಕ್ಕಳ ತಂದೆತಾಯಿಯರೇ ದುಡ್ಡು ಹಾಕಿ ಕಿಟಕಿಗೆ ಹೊಸ ಪರದೆ ಹಾಕಿಸಿಕೊಡುವುದು ಆ ಊರಿನ ಪದ್ಧತಿ. ಗೋಡೆಯ ಸುಣ್ಣ ಉದುರಿದರೂ ಪರವಾಗಿಲ್ಲ, ಪರದೆ ಹೊಸದಾಗಿರಬೇಕು.

"ಎರಡೂ ಕ್ಲಾಸು ನೀನೇ ಹಾಕ್ಕೊಂಡು ಬಾ," ಎಂದಳು ಅಗ್ಲಾಯಾ. "ಪಾಠ ನಡೀತಾ ಇದ್ರೂ ಚಿಂತೆ ಇಲ್ಲ. ನೀನು ಇದ್ದರೂ ಯಾರಿಗೂ ಗೊತ್ತಾಗಲ್ಲ."

ವೋರ್ನಿಕು ತರಗತಿಯೊಳಗೆ ಜಂಫಿರಾ ಏಣಿಯನ್ನು ಮಲಗಿದ ಮಗುವಿನಂತೆ ಎತ್ತಿಕೊಂಡು ಹೋಗಿ ನಿಲ್ಲಿಸಿದಳು. ಒಂದು ತಲೆಯೂ ತಿರುಗಲಿಲ್ಲ. ಮೇಲೆ ಹತ್ತಿ ನೋಡಿದರೆ ಎಲ್ಲ ಬೈತಲೆಗಳೂ ನೇರ, ಎಲ್ಲ ಪುಸ್ತಕಗಳೂ ಒಂದೇ ಪುಟ. ವೋರ್ನಿಕು ದನಿ ಏರಿಸುತ್ತಲೇ ಇರಲಿಲ್ಲ. ಹೆಸರು ಕರೆದರೆ ಮಗು ಎದ್ದು ನೀರು ಸುರಿದ ಹಾಗೆ ಓದುತ್ತಿತ್ತು. ಲೆಕ್ಕ ಕೇಳಿದರೆ ಉತ್ತರ ಬಾಯಲ್ಲೇ ಸಿದ್ಧ. ಬೆಳಿಗ್ಗೆ ತಿಂಡಿ ತಿನ್ನದೆ ಬಂದಿದ್ದ ಒಬ್ಬನಿಗೆ ಟೀಚರು ಪಾಠ ನಿಲ್ಲಿಸದೆಯೇ ತಮ್ಮ ಚೀಲದಿಂದ ಬನ್ನು ತೆಗೆದು ಕೊಟ್ಟರು. ಊರು ಸುಮ್ಮನೆ ಹೊಗಳುವುದಿಲ್ಲ ಎಂದುಕೊಂಡಳು ಜಂಫಿರಾ. ಇಲ್ಲಿ ಕೂತರೆ ಅನೀಸ್ಯಾ ಹೀಗೆ ಓದುತ್ತಾಳೆ. ನೆನೆಸಿಕೊಂಡೇ ಅವಳ ಎದೆ ಉಬ್ಬಿತು. ಪರದೆಯ ಬಳೆಗಳನ್ನು ಸದ್ದಾಗದಂತೆ ಒಂದೊಂದಾಗಿ ಕಂಬಿಗೆ ಸೇರಿಸಿದಳು.

ಆಗಲೇ ಅವಳ ಕಣ್ಣು ಕೆಳಗೆ ಕಿಟಕಿ ಪಕ್ಕದ ಬೆಂಚಿನ ಹುಡುಗಿಯ ಮೇಲೆ ಬಿತ್ತು. ಎರಡು ಜಡೆ, ಇಸ್ತ್ರಿ ಮಾಡಿದ ಕಾಲರು. ಅವಳು ತನ್ನ ಅಂಗೈಯಲ್ಲಿ ಪೆನ್ಸಿಲಿನಿಂದ ಸಣ್ಣ ಸಣ್ಣ ಸುತ್ತು ಬರೆಯುತ್ತಿದ್ದಳು. ಮಿಕ್ಕವರ ಕೈ ಮೇಲೇಳುತ್ತಿತ್ತು, ಅವಳದು ಇಲ್ಲ. ಹೆಸರುಗಳು ಒಂದಾದ ಮೇಲೊಂದು ಬಂದವು, ಅವಳದು ಬರಲಿಲ್ಲ. ಒಂದು ಕಿಟಕಿ ಮುಗಿಯಿತು, ಇನ್ನೊಂದು ಮುಗಿಯಿತು. ಅವಳನ್ನು ಯಾರೂ ಏನೂ ಕೇಳಲಿಲ್ಲ, ಅವಳೂ ಯಾರನ್ನೂ ಏನೂ ಕೇಳಲಿಲ್ಲ. ಅಂಗೈ ತುಂಬಿದ ಮೇಲೆ ಅಳಿಸಿ ಮತ್ತೆ ಶುರು ಮಾಡಿದಳು.

ಗಂಟೆ ಹೊಡೆದು ಮಕ್ಕಳು ಸಾಲಾಗಿ ಹೊರಗೆ ಹೋದರು. ಜಂಫಿರಾ ಏಣಿ ಇಳಿಯುವ ಹೊತ್ತಿಗೆ ವೋರ್ನಿಕು ಹತ್ತಿರ ಬಂದರು.

"ಪರಸ್ಕೀವಾ ಅನ್ನೋರ ಸೊಸೆ ನೀನೇ ತಾನೆ?"

ಜಂಫಿರಾ ತಲೆಯಾಡಿಸಿದಳು.

"ನಿಮ್ಮತ್ತೆಯ ಕೋಳಿ ನನ್ನ ಬಾಲ್ಕನಿಯಲ್ಲಿ ಒಂದು ಹೂವನ್ನೂ ಉಳಿಸಿಲ್ಲ ಕಣಮ್ಮ. ಕೊನೆಗೆ ನಮ್ಮಕ್ಕನ ಹಳ್ಳಿಗೆ ಸಾಗಹಾಕಿದೆ. ಇನ್ನೊಂದು ಕಳಿಸಬೇಡಿ, ಕೈ ಮುಗೀತೀನಿ. ನಿನ್ನ ಮಗಳಿಗೆ ಜಾಗ ಇಟ್ಟಿದ್ದೀನಿ, ಹೋಗು."

ಜಂಫಿರಾಳ ಬಾಯಿಂದ ಹೊರಟದ್ದು ಬರೀ ಉಸಿರು.

"ನಿನ್ನ ಹಾಗೇನಾ ಅವಳೂ, ಮಾತು ಕಡಿಮೆ? ಒಳ್ಳೇದೇ ಆಯ್ತು ಬಿಡು. ಅಲ್ಲಿ ಕಿಟಕಿ ಹತ್ರ ಕೂತಿದ್ದಳಲ್ಲ, ಎರಡು ಜಡೆಯವಳು, ಇಷ್ಟು ವರ್ಷದಲ್ಲಿ ಒಂದು ದಿನ ತೊಂದರೆ ಕೊಟ್ಟಿಲ್ಲ. ಬಂಗಾರ. ಕ್ಲಾಸಲ್ಲಿ ಇದ್ದಾಳೋ ಇಲ್ಲವೋ ಗೊತ್ತೇ ಆಗಲ್ಲ."

ಹೊಗಳಿದರೆಂದು ನಗಬೇಕಿತ್ತು. ಜಂಫಿರಾಗೆ ನಗು ಬರಲಿಲ್ಲ. ಹೆಚ್ಚುಕಡಿಮೆ ಇದೇ ಮಾತನ್ನು ಅವಳ ಟೀಚರೂ ಅವಳ ಅಮ್ಮನಿಗೆ ಹೇಳಿದ್ದರು. ಅಮ್ಮ ಊರೆಲ್ಲ ಹೇಳಿಕೊಂಡು ಬಂದಿದ್ದಳು. ಆಮೇಲೆ ಅಮ್ಮ ಹಾಸಿಗೆ ಹಿಡಿದು ಜಂಫಿರಾ ಶಾಲೆಗೆ ಹೋಗುವುದು ನಿಂತಾಗ ನಿಜವಾಗಿಯೂ ಯಾರಿಗೂ ಗೊತ್ತಾಗಲಿಲ್ಲ. ಸೇಬಿನ ಮರ ಹೂ ಬಿಟ್ಟು ಉದುರಿದ ಮೇಲೆ ಯಾರೋ ಒಬ್ಬರು, "ಅರೆ, ಆ ಹುಡುಗಿ ಎಲ್ಲಿ?" ಎಂದಿದ್ದರಂತೆ.

ಪಕ್ಕದ ತರಗತಿಗೆ ಏಣಿ ಒಯ್ಯುವ ಮೊದಲೇ ಅದು ಕೈಬಿಟ್ಟು ಹೋಯಿತು. ನಾಲ್ಕು ಮಕ್ಕಳು ಓಡಿ ಬಂದು ಕಿತ್ತುಕೊಂಡಿದ್ದರು.

"ಟೀಚರ್, ಪರದೆಯಕ್ಕ ಬಂದ್ರು! ನಾನು ಏಣಿ ಹಿಡೀತೀನಿ!"

"ಹೋಗೋ, ನೀನು ಹಿಡಿದ್ರೆ ಅಕ್ಕ ಕೆಳಗೆ, ಏಣಿ ಮೇಲೆ!"

ಲುಪಾಶ್ಕು ಕೂದಲಲ್ಲಿ ಸೀಮೆಸುಣ್ಣದ ಪುಡಿ. "ಕಿಟಕಿಗಳೆಲ್ಲ ಒಂದೇ ಅಳತೆ ಇವೆ ಅಂತ ಇವರ ವಾದ," ಎಂದಳು ಜಂಫಿರಾಗೆ, ಎಷ್ಟೋ ವರ್ಷದ ಪರಿಚಯದವಳ ಹಾಗೆ. "ಇಲ್ಲ ಅಂತ ನಾನು. ಟೇಪು ಸ್ವಲ್ಪ ಕೊಡ್ತೀರಾ?"

ಆಮೇಲೆ ನಡೆದದ್ದನ್ನು ಪಾಠ ಎಂದು ಕರೆಯಲು ಧೈರ್ಯ ಬೇಕು. ಇಬ್ಬರು ಕಿಟಕಿ ಅಳೆದರು, ಮೂವರು ಅವರನ್ನು ತಿದ್ದಿದರು, ಒಬ್ಬ ಪರದೆಯನ್ನು ಹೊದ್ದುಕೊಂಡು ಬಿಷಪ್ಪನಾದ. ಬಳೆ ಎಷ್ಟು ಬೇಕೆಂದು ಗುಣಿಸಿದವನ ಲೆಕ್ಕದ ಪ್ರಕಾರ ಇಡೀ ಶಾಲೆಗೇ ಪರದೆ ಹಾಕಬಹುದಿತ್ತು. ಲುಪಾಶ್ಕು ತಾನೂ ಹಲಗೆಯ ಮೇಲೆ ಒಂದು ಸಂಖ್ಯೆ ತಪ್ಪು ಬರೆದಳು. ಮಕ್ಕಳು ಕೂಗಿ ಹಿಡಿದಾಗ, "ಸಿಕ್ಕಿಬಿದ್ದೆ!" ಎಂದು ನಕ್ಕು ಅಳಿಸಿದಳು. ಜಂಫಿರಾಗೆ ತಲೆ ಸಿಡಿಯತೊಡಗಿತು. ಇವರಿಗೆ ಮಗ್ಗಿ ಬರುವುದು ಯಾವ ಕಾಲಕ್ಕೋ ಎನಿಸಿತು.

"ರುಕ್ಸಾಂದ್ರಾ, ಈ ತುದಿ ನೀನು ಹಿಡಿ," ಎಂದಳು ಲುಪಾಶ್ಕು.

ಗೋಡೆಗೆ ಅಂಟಿ ನಿಂತಿದ್ದ ಕನ್ನಡಕದ ಹುಡುಗಿ ಬಂದು ಟೇಪಿನ ತುದಿ ಹಿಡಿದಳು.

"ಎಷ್ಟಿದೆ?"

ಹುಡುಗಿ ನೋಡಿದಳು. ತುಟಿ ತೆರೆದಳು, ಮುಚ್ಚಿದಳು. ಕಿವಿ ಕೆಂಪಗಾಯಿತು. ಏಣಿಯ ಮೇಲೆ ಜಂಫಿರಾಳ ಕಿವಿಯೂ ಬಿಸಿಯಾಯಿತು. ಈಗ ಯಾರಾದರೂ ನಗುತ್ತಾರೆ, ಯಾರಾದರೂ ಅವಳ ಬದಲು ಹೇಳಿಬಿಡುತ್ತಾರೆ ಎಂದು ಕಾದಳು. ಯಾರೂ ಹೇಳಲಿಲ್ಲ. ಅಷ್ಟು ಹೊತ್ತು ಸಂತೆಯಾಗಿದ್ದ ಕೋಣೆ ತಾನಾಗಿ ಸುಮ್ಮನಾಗಿತ್ತು. ಬಿಷಪ್ಪ ಕೂಡ ಪರದೆಯೊಳಗಿಂದ ಮೂಗು ಹೊರಗೆ ಹಾಕಿ ಕಾಯುತ್ತಿದ್ದ. ಲುಪಾಶ್ಕು ಹಲಗೆ ಒರೆಸುತ್ತಾ ನಿಂತಿದ್ದಳು, ಯಾವ ಅವಸರವೂ ಇಲ್ಲದೆ.

"ನೂರ ಹದಿನಾಲ್ಕು," ಎಂದಳು ರುಕ್ಸಾಂದ್ರಾ. ಒಂದು ಕ್ಷಣ ಬಿಟ್ಟು, "ಆ ಕಡೆದು ನೂರ ಹದಿನಾರಿತ್ತು. ಒಂದೇ ಅಲ್ಲ."

"ನಾನು ಹೇಳಲಿಲ್ವಾ!" ಎಂದಳು ಲುಪಾಶ್ಕು, ಮತ್ತೆ ಸಂತೆ ಶುರುವಾಯಿತು.

ಆ ದಿನ ಸಂಜೆ ಊಟಕ್ಕೆ ಕೂತಾಗ ಜಂಫಿರಾ ಗಟ್ಟಿಯಾಗಿ ಬೇಯಿಸಿದ ಮೆಕ್ಕೆಜೋಳದ ಮುದ್ದೆಯನ್ನು ಆ ಕಡೆಯ ವಾಡಿಕೆಯಂತೆ ದಾರದಿಂದ ಕೊಯ್ಯುತ್ತಾ ಗಂಡನಿಗೆ ಹೇಳಿದಳು: "ಅನೀಸ್ಯಾನ ಲುಪಾಶ್ಕು ಹತ್ರ ಸೇರಿಸೋಣ ಅಂತ."

ನೆಕುಲಾಯ್ ಬಾಗಿಲ ಕಡೆ ನೋಡಿದ. ಅಮ್ಮ ಹಿತ್ತಲಲ್ಲಿದ್ದಳು.

"ಅಲ್ಲಿ ಕಕ್ಕಸಿನಲ್ಲಿ ಸೋಪು ಇತ್ತಾ?"

"ಎರಡೂ ಕ್ಲಾಸಿಗೆ ಕಕ್ಕಸು ಒಂದೇ ಕಣ್ರೀ."

"ಹಾಗಾದ್ರೆ ನಂದೇನೂ ಇಲ್ಲ. ಆದ್ರೆ ಅಮ್ಮಂಗೆ ಹೇಳೋದು ನೀನೇ. ನಾನು ಡಿಪೋದಲ್ಲಿರ್ತೀನಿ."

ಜಂಫಿರಾ ಅತ್ತೆಗೆ ಹೇಳಲಿಲ್ಲ. ಹೇಳಬೇಕೆಂದು ಮೂರು ಸಲ ಹಿತ್ತಲಿಗೆ ಹೋಗಿ ಮೂರು ಸಲವೂ ಮೊಟ್ಟೆ ತೆಗೆದುಕೊಂಡು ವಾಪಸು ಬಂದಳು. ಹೀಗಾಗಿ ಹೆಸರು ಬರೆಸುವ ದಿನ ಪರಸ್ಕೀವಾ ಗೆದ್ದ ಪೈಲ್ವಾನನ ಹಾಗೆ ಮುಂದೆ ನಡೆದಳು, ಜಂಫಿರಾ ಮಗಳ ಕೈ ಹಿಡಿದು ಹಿಂದೆ. ಶಾಲೆಯ ಕಚೇರಿಯಲ್ಲಿ ಜನ ಬಾಗಿಲವರೆಗೂ ನಿಂತಿದ್ದರು. ಮೇಜಿನ ಹಿಂದೆ ಗುಮಾಸ್ತೆ, ಪಕ್ಕದಲ್ಲಿ ಟೀಚರುಗಳಿಬ್ಬರೂ. ವೋರ್ನಿಕು ಮುಂದೆ ತಂದೆತಾಯಿಯರ ಗುಂಪು. ಲುಪಾಶ್ಕು ಕಿಟಕಿಯ ಹೊರಗೆ ಗುಬ್ಬಚ್ಚಿ ನೋಡುತ್ತಿದ್ದಳು.

"ಇದು ವೋರ್ನಿಕು ಮೇಡಂ ಕ್ಲಾಸು, ಮಾತಾಗಿದೆ," ಎಂದಳು ಪರಸ್ಕೀವಾ ಗುಮಾಸ್ತೆಗೆ, ಹಿಂದಿನವರಿಗೂ ಕೇಳುವ ಹಾಗೆ.

"ತಾಯಿ ಹೇಳಬೇಕು," ಎಂದಳು ಗುಮಾಸ್ತೆ ತಲೆ ಎತ್ತದೆ. "ತಾಯಿ ಯಾರು?"

ಈಗ ಸುಮ್ಮನಿದ್ದರೆ ಸಾಕಿತ್ತು. ಅತ್ತೆ ಹೇಳಿದ್ದು ಹಾಗೇ ನಡೆದುಹೋಗುತ್ತಿತ್ತು. ಸುಮ್ಮನಿರುವುದು ಜಂಫಿರಾಗೆ ಎಷ್ಟು ಸಲೀಸು! ಅನೀಸ್ಯಾಳ ಬೆರಳು ಅವಳ ಕೈಯೊಳಗೆ ಬೆವರಿತ್ತು.

"ಲುಪಾಶ್ಕು," ಎಂದಳು.

"ಜೋರಾಗಿ ಹೇಳಮ್ಮ."

"ಲುಪಾಶ್ಕು ಟೀಚರ್ ಹತ್ರ."

ಗುಬ್ಬಚ್ಚಿ ನೋಡುತ್ತಿದ್ದವಳು ತಿರುಗಿದಳು.

"ಅಯ್ಯೋ, ತಲೆ ತಿರುಗಿದೆ ಇವಳಿಗೆ, ಬಿಸಿಲಲ್ಲಿ ಬಂದ್ವಿ," ಎಂದಳು ಪರಸ್ಕೀವಾ. "ಬರೀಬೇಡಿ, ಬರೀಬೇಡಿ!"

ವೋರ್ನಿಕು ಕನ್ನಡಕ ತೆಗೆದರು. "ನಿನಗೆ ಜಾಗ ಇಟ್ಟಿದ್ದೆನಲ್ಲಮ್ಮ. ಯಾಕೆ? ನನ್ನ ಪಾಠ ನೀನೇ ಏಣಿ ಮೇಲೆ ನಿಂತು ನೋಡಿದ್ದೀಯ."

"ಪಾಠ ತುಂಬ ಚೆನ್ನಾಗಿತ್ತು ಮೇಡಂ." ಜಂಫಿರಾ ನೆಲ ನೋಡಿದಳು, ಆದರೆ ನಿಲ್ಲಿಸಲಿಲ್ಲ. "ನನ್ನ ಮಗಳು ಮಾತಾಡಲ್ಲ. ನಿಮ್ಮ ಕ್ಲಾಸಲ್ಲಿ ಮಾತಾಡದೆ ಇರೋದು ಒಳ್ಳೇದು. ಅವಳು ಮೊದಲನೇ ದಿನಾನೇ ನಿಮಗೆ ಬಂಗಾರ ಆಗಿಬಿಡ್ತಾಳೆ. ಐದು ವರ್ಷ ಆದ್ಮೇಲೂ ಬಂಗಾರವಾಗೇ ಇರ್ತಾಳೆ. ನಾನೂ ಹಾಗೇ ಇದ್ದೆ ಮೇಡಂ. ನಾನು ಶಾಲೆ ಬಿಟ್ಟಿದ್ದು ಯಾರಿಗೂ ಗೊತ್ತಾಗಲಿಲ್ಲ."

ಅಷ್ಟು ಉದ್ದ ಅವಳು ಅಪರಿಚಿತರ ಮುಂದೆ ಎಂದೂ ಮಾತಾಡಿರಲಿಲ್ಲ.

ವೋರ್ನಿಕು ಕನ್ನಡಕವನ್ನು ಕುತ್ತಿಗೆಯ ಬಟ್ಟೆಯಲ್ಲಿ ನಿಧಾನವಾಗಿ ಒರೆಸಿದರು. ಸಿಟ್ಟಾದರೆಂದೇ ಎಲ್ಲರೂ ಎಣಿಸಿದರು. "ಆ ಎರಡು ಜಡೆಯವಳು," ಎಂದರು ಕೊನೆಗೆ, ತಮ್ಮಷ್ಟಕ್ಕೆ ಎಂಬಂತೆ, "ಅವಳ ದನಿ ಹೇಗಿದೆ ಅಂತ ನೆನಪು ಮಾಡ್ಕೊಳ್ತಾ ಇದ್ದೀನಿ." ಕನ್ನಡಕ ಹಾಕಿಕೊಂಡು ಗುಮಾಸ್ತೆಗೆ, "ತಾಯಿ ಹೇಳಿದ ಹಾಗೆ ಬರ್ಕೊಳ್ಳಿ" ಎಂದರು.

ದಾರಿಯುದ್ದಕ್ಕೂ ಪರಸ್ಕೀವಾ ಬೈದಳು. ಮಾನ ಹೋಯಿತು, ಕೋಳಿ ಹೋಯಿತು, ಮೊಮ್ಮಗಳು ಗುಣಾಕಾರ ಗೊತ್ತಿಲ್ಲದೆ ಮುದುಕಿಯಾಗುತ್ತಾಳೆ. ಜಂಫಿರಾ ಕೇಳಿಸಿಕೊಂಡಳು. ಕಾಲು ಹಗುರವಾಗಿತ್ತು.

ಬ್ರೆಡ್ ಅಂಗಡಿಯ ಮುಂದಿನ ಸಾಲಿನಲ್ಲಿ ಕಸಾಯಿಯ ಹೆಂಡತಿ ಅವರನ್ನು ಕಂಡು ನಕ್ಕಳು. "ಏನಜ್ಜಿ, ಸಿಕ್ತಾ ವೋರ್ನಿಕು ಹತ್ರ? ನಮ್ಮ ಅಣ್ಣನ ಮಗನಿಗೆ ಸಿಗಲಿಲ್ಲ ನೋಡಿ, ಅಷ್ಟೊಂದು ಹಂದಿ ಮಾಂಸ ಕಳಿಸಿದ್ವಿ."

ಪರಸ್ಕೀವಾ ಬಾಯಿ ತೆರೆದಳು. ಸೊಸೆಯನ್ನು ನೋಡಿದಳು. ತಲೆವಸ್ತ್ರ ಸರಿಮಾಡಿಕೊಂಡಳು.

"ಸಿಗದೆ ಏನು?" ಎಂದಳು. "ಕರೆದು ಕೊಟ್ರು. ನಾವೇ ಬೇಡ ಅಂದ್ವಿ."

ಇಡೀ ಸಾಲು ತಿರುಗಿ ನೋಡಿತು. ವೋರ್ನಿಕು ಕೊಟ್ಟ ಜಾಗವನ್ನು ಬೇಡ ಎಂದವರನ್ನು ಆ ಊರು ಕಂಡಿರಲಿಲ್ಲ.

"ಬೇಡ ಅಂದ್ರಾ? ಯಾಕೆ?"

"ಅದನ್ನ ಇವಳನ್ನೇ ಕೇಳಿ," ಎಂದಳು ಪರಸ್ಕೀವಾ, ಮೊಣಕೈಯಿಂದ ಸೊಸೆಯನ್ನು ಮುಂದೆ ತಳ್ಳುತ್ತಾ. "ಇಂಥದ್ದೆಲ್ಲ ನಮ್ಮನೇಲಿ ನೋಡೋಳು ಇವಳು."

ಜಂಫಿರಾ ಅನೀಸ್ಯಾಳ ಕೈಯನ್ನು ಬಿಗಿಯಾಗಿ ಹಿಡಿದುಕೊಂಡು ಹೇಳತೊಡಗಿದಳು. ಮೊದಲು ಬ್ರೆಡ್ಡಿನ ಬುಟ್ಟಿಗಳ ಕಡೆ ನೋಡುತ್ತಾ, ಆಮೇಲೆ ಕಸಾಯಿಯ ಹೆಂಡತಿಯ ಮುಖ ನೋಡುತ್ತಾ. ಹೇಳುತ್ತಾ ಹೇಳುತ್ತಾ ಅವರ ಸರದಿ ಬಂತು, ಹೋಯಿತು. ಹಿಂದಿನವರೂ ಮುಂದೆ ಹೋಗದೆ ಅಲ್ಲೇ ನಿಂತು ಕೇಳುತ್ತಿದ್ದರು.