ಕೋಲು ಬೀಳದ ಹದಿನಾಲ್ಕು ಸೆಕೆಂಡು

"ತಡೀರಿ, ಪರದೆ ಎಳೀಬೇಡಿ!" ಎನ್ನುತ್ತ ಗ್ಲೆನಿಸ್ ಎದ್ದೇ ನಿಂತಳು.

ಹಾಡು ಇನ್ನೂ ಅರ್ಧಕ್ಕೆ ಬಂದಿರಲಿಲ್ಲ. ಅಪ್ಪನ ಶವಪೆಟ್ಟಿಗೆಯ ಮುಂದೆ ಪರದೆ ಆಗಲೇ ಸರಿಯತೊಡಗಿತ್ತು. ಚಿತಾಗಾರದ ನೌಕರ ಗಾಬರಿಬಿದ್ದು ಒತ್ತಿದ್ದ ಗುಂಡಿಯಿಂದ ಕೈ ತೆಗೆದ. ಅಷ್ಟರಲ್ಲಿ ‘ಸೋಮವಾರದ ಬೆಂಕಿ’ ಹಾಡಿನ ಆ ಜಾಗ ಬಂತು. ಗಿಟಾರು, ಕೊರಳು ಎಲ್ಲ ಬಾಯಿ ಮುಚ್ಚಿಕೊಂಡು ಬರೀ ಡ್ರಮ್ಮು ಉಳಿಯುವ ಹದಿನಾಲ್ಕು ಸೆಕೆಂಡು. ಒಂದು ಕಾಲಕ್ಕೆ ಅದನ್ನು ಬೆಂಚಿನ ಮೇಲೆ ಕುಟ್ಟಿ ಮೇಷ್ಟರ ಕೈಲಿ ಬೈಸಿಕೊಳ್ಳದ ಹುಡುಗ ಬ್ರಾಡ್‌ಫರ್ಡ್ ಊರಿನಲ್ಲೇ ಇರಲಿಲ್ಲ.

ಕೊನೆಯ ಸಾಲಿನಲ್ಲಿ ಯಾರೋ ಮುದುಕಿ ಬಿಕ್ಕಿ ಬಿಕ್ಕಿ ಅತ್ತಳು. ಗ್ಲೆನಿಸ್ ತಿರುಗಿ ನೋಡಿದಳು. ಗುರುತು ಸಿಗಲಿಲ್ಲ.

ಆಮೇಲೆ ಕ್ಲಬ್ಬಿನ ಮಹಡಿಯಲ್ಲಿ ಎಲ್ಲರೂ ಚಹಾ, ಹ್ಯಾಮಿನ ಸ್ಯಾಂಡ್‌ವಿಚ್ಚು ಹಿಡಿದು ನಿಂತಿದ್ದಾಗ ಆ ಮುದುಕಿಯೇ ಹತ್ತಿರ ಬಂದಳು.

"ನಾನು ಐಲೀನ್. ನಿಮ್ಮಪ್ಪ ನನ್ನ ಹೆಸರು ಹೇಳಿರಲಿಕ್ಕಿಲ್ಲ."

"ಇಲ್ಲ."

"ಆ ಹಾಡಿನ ಡ್ರಮ್ಮು ನಂದು ಕಣಮ್ಮ."

ಗ್ಲೆನಿಸ್ ಸುತ್ತ ಕಣ್ಣಾಡಿಸಿದಳು. ಮೇಜುಗಳ ಮೇಲೆಲ್ಲ ಅಪ್ಪನ ನೆನಪಿಗೆ ಅವಳೇ ಅಚ್ಚು ಹಾಕಿಸಿದ ಕಾರ್ಡುಗಳಿದ್ದವು: ವಿಲ್ಫ್ ಹೋಲ್ರಾಯ್ಡ್, ‘ಸೋಮವಾರದ ಬೆಂಕಿ’ಯ ಡ್ರಮ್ಮರ್.

*

ಐಲೀನ್ ಹೇಳಿದ್ದು ಐವತ್ತೆರಡು ವರ್ಷದ ಹಿಂದಿನ ಮಾತು. ಸ್ಟುಡಿಯೋದಲ್ಲಿ ವಿಲ್ಫ್ ಆ ಜಾಗವನ್ನು ಮೂವತ್ತು ಸಲ ಬಡಿದಿದ್ದ. ಒಮ್ಮೆ ಓಡುತ್ತಿತ್ತು, ಒಮ್ಮೆ ಕುಂಟುತ್ತಿತ್ತು. ಕೊನೆಗೆ ಅವನೇ ಕೆಳಗಿಳಿದು ಹೋಗಿ, ಡ್ಯಾನ್ಸ್ ಹಾಲಿನಲ್ಲಿ ಡ್ರಮ್ಮು ಬಾರಿಸುತ್ತಿದ್ದ ಗೆಳತಿಗೆ ಫೋನು ಮಾಡಿದ. ಐಲೀನ್ ಬಂದವಳು ಕೋಟು ಕೂಡ ಬಿಚ್ಚದೆ ಕೂತು, ಎರಡನೇ ಸಲಕ್ಕೇ ಮುಗಿಸಿ ಎದ್ದಳು.

"ಹೆಂಗಸು ಬಾರಿಸಿದ್ದು ಅಂತ ಹೊರಗೆ ಹೋಗ್ಬಾರ್ದು," ಎಂದ ಧ್ವನಿಮುದ್ರಣ ಮಾಡಿಸುತ್ತಿದ್ದ ಯಜಮಾನ.

ಟೆಲಿವಿಷನ್ನಿಗೆ ವಿಲ್ಫನೇ ಹೋದ. ಅಲ್ಲಿ ನುಡಿಸುವುದೇನಿರಲಿಲ್ಲ, ಮುದ್ರಿಸಿದ ಹಾಡು ಹಾಕಿ, ಡ್ರಮ್ಮಿಗೆ ರಬ್ಬರು ಹೊದಿಸಿ, ಬಡಿದಂತೆ ನಟಿಸು ಎಂದಿದ್ದರು. ಆ ಜಾಗ ಬಂದಾಗ ವಿಲ್ಫ್ ಎರಡೂ ಕೋಲು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತುಬಿಟ್ಟ. ಕ್ಯಾಮೆರಾ ಅವನ ಮುಖದ ಮೇಲೇ ಇತ್ತು. ಡ್ರಮ್ಮು ಮಾತ್ರ ಮೊರೆಯುತ್ತಿತ್ತು.

*

ಆ ತುಣುಕನ್ನು ಪ್ರತಿ ಕ್ರಿಸ್‌ಮಸ್ಸಿಗೂ ತೋರಿಸುತ್ತಿದ್ದರು. ಪೊಗರು ಎಂದವರುಂಟು, ತಮಾಷೆ ಎಂದವರುಂಟು. ವಿಲ್ಫ್ ವಾದ್ಯ ಬಿಟ್ಟು ಬಸ್ಸು ಓಡಿಸತೊಡಗಿದ ಮೇಲೂ, "ಲೋ ವಿಲ್ಫ್, ಸ್ಟೇರಿಂಗನ್ನಾದ್ರೂ ಹಿಡ್ಕೊಳೋ!" ಎಂದು ಹತ್ತುವವರೆಲ್ಲ ಕಿಚಾಯಿಸುತ್ತಿದ್ದರು. ಯಾಕಪ್ಪಾ ಹಾಗೆ ಕೂತೆ ಎಂದು ಗ್ಲೆನಿಸ್ ಕೇಳಿದಾಗಲೆಲ್ಲ, "ಕೈ ಸೋತಿತ್ತು ಮಗಳೇ," ಎಂದು ಎದ್ದು ಹೋಗುತ್ತಿದ್ದ.

"ಟೀವಿಗೆ ಹೋಗೋ ಹಿಂದಿನ ದಿನವೇ ನಂಗೆ ಹೇಳಿದ್ದ," ಎಂದಳು ಐಲೀನ್. "‘ನಿನ್ನ ಜಾಗ ಬಂದಾಗ ನಾನು ಕೈ ಎತ್ತಲ್ಲ, ನೋಡ್ತಿರು’ ಅಂತ."

ಗ್ಲೆನಿಸ್ ನೇರ ಟೆರಿಯ ಬಳಿ ಹೋದಳು. ಆ ಹಾಡು ಹಾಡಿದವನು ಅವನೇ. ಮೂವರು ಅಜ್ಜಿಯರ ನಡುವೆ ಕೂತು ಹಳೇ ಕತೆ ಬಿಡುತ್ತಿದ್ದ.

"ಅಂಕಲ್, ಆ ಹಾಡಲ್ಲಿ ಡ್ರಮ್ಮು ಬಾರಿಸಿದ್ದು ಯಾರು?"

"ಇದೇನಮ್ಮ, ಇಂಥ ದಿನ ಕೇಳೋ ಮಾತಾ? ನಿಮ್ಮಪ್ಪನೇ."

"ಮತ್ತೆ ಟೀವಿಲಿ ಯಾಕೆ ಸುಮ್ನೆ ಕೂತ?"

ಟೆರಿ ದನಿ ತಗ್ಗಿಸಿದ. "ಹೆದರಿಕೆ ಕಣಮ್ಮ. ಕ್ಯಾಮೆರಾ ನೋಡಿ ಕೈಕಾಲು ಮರಗಟ್ಟಿಹೋಯ್ತು. ಆಮೇಲೆ ಬಚ್ಚಲಲ್ಲಿ ವಾಂತಿ ಮಾಡ್ಕೊಂಡ. ತಲೆ ಹಿಡಿದವನೇ ನಾನು."

ಅಪ್ಪನಿಗೆ ಹೆದರಿಕೆ ಜಾಸ್ತಿ ಎಂಬುದು ನಿಜ. ಕೊಟ್ಟ ಮಾತಿಗೆ ತಪ್ಪುವವನಲ್ಲ ಎಂಬುದೂ ನಿಜ. ಹೆದರಿದವನೋ, ಮಾತು ಉಳಿಸಿಕೊಂಡವನೋ, ಯಾವ ಅಪ್ಪನನ್ನು ತಾನು ಬೆಳಗ್ಗೆ ಕಳಿಸಿಕೊಟ್ಟೆ ಎಂದು ಗ್ಲೆನಿಸ್‌ಗೆ ತಿಳಿಯದಾಯಿತು. ಶಾಲೆಯಲ್ಲಿ ಆ ಹದಿನಾಲ್ಕು ಸೆಕೆಂಡಿನ ಮೇಲೆ ತಾನು ಮೆರೆದದ್ದೆಲ್ಲ ನೆನಪಾಗಿ ಕಿವಿ ಬಿಸಿಯಾಯಿತು. ಸಿಟ್ಟು ಬಂತು, ಯಾರ ಮೇಲೆ ಅಂತ ಮಾತ್ರ ಗೊತ್ತಾಗಲಿಲ್ಲ.

"ಐಲೀನ್, ಬಾರಿಸಿ ತೋರಿಸ್ತೀರಾ?" ಎಂದಳು, ಕೋಣೆಯೆಲ್ಲ ಕೇಳುವಂತೆ.

ಟೆರಿ ತಟ್ಟನೆ ಆ ಕಡೆ ತಿರುಗಿದವನು, ಮುದುಕಿಯನ್ನು ನೋಡಿ ಕೈಯಲ್ಲಿದ್ದ ತಟ್ಟೆಗೆ ದೃಷ್ಟಿ ಇಳಿಸಿದ.

ಐಲೀನ್ ಬೆರಳುಗಳನ್ನು ಮುಂದೆ ಚಾಚಿದಳು. ಸಂಧಿವಾತಕ್ಕೆ ಅವು ಶುಂಠಿಯ ಹಾಗೆ ಸೊಟ್ಟಗಾಗಿದ್ದವು. "ಇವುಗಳಲ್ಲಿ ಚಮಚ ಹಿಡಿಯೋದೂ ಕಷ್ಟ."

"ಬಿಡಮ್ಮ ಗ್ಲೆನಿಸ್, ಪಾಪ ವಯಸ್ಸಾದವರು," ಎಂದ ಟೆರಿ.

ಐಲೀನ್ ಹತ್ತಿರದ ಕುರ್ಚಿಯೊಂದರ ಅಂಚಿಗೆ ಕೂತಳು. ಕಾಲಿಂದ ಕಾಲು ಒತ್ತಿ ಬೂಟು ಕಳಚಿದಳು. ಬಲಗಾಲು ಮೊದಲು ನೆಲಕ್ಕೆ ಬಡಿಯಿತು, ಅದರ ಬೆನ್ನಿಗೇ ಎಡಗಾಲು. ಮಹಡಿಯ ಹಲಗೆ ಗುಡುಗತೊಡಗಿತು. ಮೇಜಿನ ಮೇಲೆ ಬಟ್ಟಲುಗಳು ನಡುಗಿದವು, ಮಾತುಗಳು ಒಂದೊಂದಾಗಿ ನಿಂತವು. ಕೊನೆಯ ಪೆಟ್ಟನ್ನು ಅವಳು, ಮುದ್ರಿಸಿದ ಹಾಡಿನಲ್ಲಿದ್ದ ಹಾಗೆಯೇ, ಕೂದಲೆಳೆಯಷ್ಟು ತಡೆದು ಹಾಕಿದಳು.

ಮೂಲೆಯಲ್ಲಿ ಟೆರಿ, ಸ್ಯಾಂಡ್‌ವಿಚ್ಚು ಕೈಯಲ್ಲೇ ಇರಲು, ಸರಿಯಾಗಿ ಆ ಕೂದಲೆಳೆಯಷ್ಟೇ ತಡೆದು, ಹಾಡಿನ ಮುಂದಿನ ಸಾಲಿಗೆ ಬಾಯಿ ತೆರೆದಿದ್ದ.